ಏಳನೇ ನಿಯಮದ ಶಂಕರಮಾವ

ಶಂಕರನಾರಾಯಣರು ವಡೋದರಾ ಬಳಿಯ ಕೊಯಾಲಿಯ ತೈಲ ರಿಫೈನರಿಯಲ್ಲಿ ಮೂವತ್ತನಾಲ್ಕು ವರ್ಷ ಮಾಡಿದ್ದು ಒಂದೇ ಕೆಲಸ: ಯಾವುದಾದರೂ ಯಂತ್ರ ನಿಂತರೆ ಯಾಕೆ ನಿಂತಿತು ಎಂದು ಪತ್ತೆ ಹಚ್ಚುವುದು. ನಿವೃತ್ತರಾಗಿ ಏಳು ವರ್ಷವಾದರೂ ಚಟ ಬಿಟ್ಟಿಲ್ಲ. ವಡೋದರಾದ ನಮ್ಮ ಬೀದಿಯಲ್ಲಿ ಯಾವ ಕಟ್ಟಡದ ಲಿಫ್ಟ್ ಕೆಟ್ಟರೂ ಮೆಕ್ಯಾನಿಕ್ ಬರುವ ಮೊದಲೇ ಅವರು ಟಾರ್ಚ್ ಹಿಡಿದು ನಿಂತಿರುತ್ತಾರೆ. ಅಂಥವರನ್ನು ನಮ್ಮ ಕನ್ನಡ ಸಂಘದ ಆನ್‌ಲೈನ್ ಚೆಸ್ ಪಂದ್ಯಕ್ಕೆ ತೀರ್ಪುಗಾರರನ್ನಾಗಿ ಮಾಡಿದ ಮಹಾನುಭಾವ ನಾನೇ, ಸಂಘದ ಕಾರ್ಯದರ್ಶಿ. ಅದಕ್ಕಾಗಿ ಸಾಕಷ್ಟು ಬೈಸಿಕೊಂಡಿದ್ದೇನೆ.

ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರಿನವರು ತಮ್ಮ ಮನೆಯಲ್ಲೇ ಕೂತು ಆಡುವ ಪಂದ್ಯವಿದು. ನಿಯಮಗಳನ್ನು ಬರೆದವರು ಶಂಕರನಾರಾಯಣರೇ. ಆಟಕ್ಕೊಂದು ಲ್ಯಾಪ್‌ಟಾಪ್, ಆಡುವವರನ್ನು ತೋರಿಸಲು ಪಕ್ಕದಲ್ಲೊಂದು ಫೋನಿನ ಕ್ಯಾಮೆರಾ, ಎಲ್ಲರ ಮೈಕೂ ಬಂದ್. ಏಳನೇ ನಿಯಮ: ಸಂಪರ್ಕ ಕಡಿದರೆ ಹೊಣೆ ಆಟಗಾರರದೇ. ಮೂರು ವರ್ಷದಲ್ಲಿ ಹನ್ನೊಂದು ಜನ ತಕರಾರು ತೆಗೆದರು, ಹನ್ನೊಂದನ್ನೂ ಅವರು ತಳ್ಳಿಹಾಕಿದರು. ರೈಲು ಹೋದಾಗಲೆಲ್ಲ ನೆಟ್ ಕೈಕೊಡುತ್ತದೆ ಎಂದು ಅಹಮದಾಬಾದಿನ ಮಣಿನಗರದವರೊಬ್ಬರು ಹೇಳಿದ್ದಕ್ಕೆ ರೈಲ್ವೆ ವೇಳಾಪಟ್ಟಿ ತೆಗೆದು, ಆ ಹೊತ್ತಿಗೆ ಅಲ್ಲಿ ಯಾವ ರೈಲೂ ಇಲ್ಲವೆಂದು ತೋರಿಸಿದ್ದರು.

ಈ ವರ್ಷ ಫೈನಲ್ಲಿಗೆ ಬಂದವಳು ಸೂರತ್ತಿನ ಸೌಮ್ಯಾ. ಅಲ್ಲಿನ ಅಡಾಜಣ್‌ನಲ್ಲಿ ಗಂಡ ಪ್ರವೀಣನ ಜೊತೆ ಉಡುಪಿ ಹೋಟೆಲ್ ನಡೆಸುತ್ತಾಳೆ. ಮಧ್ಯಾಹ್ನದ ಗಿರಾಕಿ ಕರಗಿದ ಮೇಲೆ ಗಲ್ಲಾದಲ್ಲಿ ಕೂತು ಫೋನಿನಲ್ಲೇ ಚೆಸ್ ಕಲಿತವಳು. ಹಿಂದಿನ ಮೂರು ವರ್ಷ ಮೊದಲ ಸುತ್ತಿಗೇ ಹೊರಬಿದ್ದಿದ್ದಳು. ಎದುರಾಳಿ ಸುಮುಖ್, ಅಹಮದಾಬಾದಿನಲ್ಲಿ ಕಂಪನಿ ಕೆಲಸದ ಹುಡುಗ, ಎರಡು ಸಲದ ಚಾಂಪಿಯನ್. ಭಾನುವಾರ ಸಂಜೆ ನಾವೆಲ್ಲ ನೋಡುತ್ತಿದ್ದಂತೆ ಸೌಮ್ಯಾ ಅವನ ಒಂದು ಆನೆಯನ್ನು ಹೊಡೆದಳು. ಗೆಲುವು ಅವಳ ಬಾಗಿಲಿಗೇ ಬಂದಿತ್ತು. ಅಷ್ಟರಲ್ಲಿ ಅವಳ ಸಂಪರ್ಕ ಕಡಿಯಿತು. ಒಂದು ನಿಮಿಷ ಕಾದ ವೆಬ್‌ಸೈಟ್ ಸುಮುಖ್ ಗೆದ್ದನೆಂದು ತೋರಿಸಿತು. ಶಂಕರನಾರಾಯಣರು ಐದೇ ನಿಮಿಷದಲ್ಲಿ ಗುಂಪಿನಲ್ಲಿ ಏಳನೇ ನಿಯಮ ಹಾಕಿ ಕೈತೊಳೆದುಕೊಂಡರು.

ಸೌಮ್ಯಾ ಬರೆದದ್ದು ಎರಡೇ ಪದ: "ಸರಿ ಮಾವ."

ಮರುದಿನ ಬೆಳಿಗ್ಗೆ ಶಂಕರನಾರಾಯಣರು ನನ್ನ ಮನೆಗೆ ಬಂದರು. ಹನ್ನೊಂದು ಜನರೂ ಯಾರನ್ನಾದರೂ ದೂರಿದ್ದರು, ಇವಳು ಮಾತ್ರ ಯಾರನ್ನೂ ದೂರಲಿಲ್ಲ, ಅದೇ ತಲೆಯೊಳಗೆ ಕೊರೆಯುತ್ತಿದೆ ಎಂದರು. ತೀರ್ಪು ಕೊಟ್ಟಾಯಿತಲ್ಲ, ಇನ್ನೇನು ಎಂದು ನಾನು ರೇಗಿದೆ.

"ತೀರ್ಪು ಬೇರೆ, ಕಾರಣ ಬೇರೆ. ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಹಾಗೆ ಬಿಡ್ಲಿಕ್ಕೆ ಆಗ್ತದಾ?" ಎಂದರು. ನನ್ನನ್ನು ಕೇಳದೆಯೇ ಬುಧವಾರಕ್ಕೆ ಸೂರತ್ತಿನ ಎರಡು ಟಿಕೆಟ್ ತೆಗೆಸಿದ್ದರು.

ಹೋಟೆಲಿನಲ್ಲಿ ಅವರು ನೀರುದೋಸೆಯ ತಟ್ಟೆಯನ್ನೂ ಮುಟ್ಟದೆ ತನಿಖೆಗೆ ಇಳಿದರು. ಭಾನುವಾರ ಇದ್ದಂತೆಯೇ ಎಲ್ಲವನ್ನೂ ಇಡಿಸಿದರು. ಅಂಗಡಿಯ ವೈಫೈ ಬಿಲ್ ಮಾಡುವ ಯಂತ್ರಕ್ಕೇ ಸಾಲದಾದ್ದರಿಂದ ಸೌಮ್ಯಾ ತನ್ನ ಹಳೆಯ ಫೋನಿನ ಹಾಟ್‌ಸ್ಪಾಟ್‌ನಿಂದ ಲ್ಯಾಪ್‌ಟಾಪಿಗೆ ನೆಟ್ ಕೊಟ್ಟಿದ್ದಳು. ಕ್ಯಾಮೆರಾಕ್ಕೆ ಇದ್ದದ್ದು ಪ್ರವೀಣನ ಫೋನು. ಗ್ರೈಂಡರ್ ಹಾಕಿಸಿ ನೋಡಿದರು, ಫ್ರಿಜ್ ಆರಿಸಿ ನೋಡಿದರು. ನೆಟ್ ಅಲುಗಾಡಲಿಲ್ಲ. ಎರಡು ಗಂಟೆ ಕಳೆಯಿತು. ನಾನು ಅವರ ಪಾಲಿನ ದೋಸೆಯನ್ನೂ ಮುಗಿಸಿದೆ.

ನಾಲ್ಕು ಗಂಟೆಗೆ ಸೌಮ್ಯಾಳ ಹಳೆಯ ಫೋನಿಗೆ ಕರೆ ಬಂತು. ಅವಳು ಎತ್ತಿ ಮಾತಾಡತೊಡಗಿದಳು. ಲ್ಯಾಪ್‌ಟಾಪಿನ ಚೆಸ್ ಹಲಗೆಯ ಮೇಲೆ ಚಕ್ರವೊಂದು ತಿರುಗುತ್ತಾ ನಿಂತುಬಿಟ್ಟಿತು.

ಶಂಕರನಾರಾಯಣರು ಕುರ್ಚಿಯಿಂದ ಎದ್ದರು. ಯಾರ ಫೋನು ಎಂದು ಕೇಳಿದರು. ಕಾರ್ಕಳದಿಂದ ಅಮ್ಮ, ದಿನಾ ಇದೇ ಹೊತ್ತಿಗೆ ಊರಿನ ನಂಬರಿಗೆ ಮಾಡುತ್ತಾರೆ ಎಂದಳು. ಅವಳು ಫೋನ್ ಇಟ್ಟ ಸ್ವಲ್ಪ ಹೊತ್ತಿಗೆ ಹಲಗೆಗೆ ಜೀವ ಬಂತು. ಒಂದೇ ಫೋನಿನಲ್ಲಿ ಎರಡು ಸಿಮ್: ನೆಟ್ಟಿಗೆ ಸೂರತ್ತಿನದು, ಊರಿನವರ ಮಾತಿಗೆ ಕಾರ್ಕಳದ ಹಳೆಯದು. ಹಳೆಯದರಲ್ಲಿ ಮಾತು ನಡೆಯುವಷ್ಟು ಹೊತ್ತು ಸೂರತ್ತಿನ ಸಿಮ್ಮಿನ ನೆಟ್ ನಿಲ್ಲುತ್ತಿತ್ತು.

ಹಾಗಾದರೆ ಭಾನುವಾರವೂ ಅಮ್ಮನೇ, ಕೇಸು ಮುಗಿಯಿತು ಎಂದು ನಾನು ಖುಷಿಯಾದೆ. ಸೌಮ್ಯಾ ಅಲ್ಲವೆಂದು ತಲೆಯಾಡಿಸಿದಳು. ಫೈನಲ್ ಇದೆ, ಈವತ್ತು ಮಾಡಬೇಡ ಎಂದು ಅಮ್ಮನಿಗೆ ಮೊದಲೇ ಹೇಳಿದ್ದಳಂತೆ.

ಶಂಕರನಾರಾಯಣರು ತಮ್ಮ ಫೋನ್ ತೆಗೆದು ಅವಳ ಹೆಸರು ಒತ್ತಿದರು. ಅವಳು ಎತ್ತಿದಳು. ಹಲಗೆ ನಿಂತಿತು. ಅವರು ತಮ್ಮ ಫೋನಿನ ಕರೆಗಳ ಪಟ್ಟಿಯನ್ನು ನನ್ನ ಮುಂದೆ ಹಿಡಿದರು: ಭಾನುವಾರ, ನಾಲ್ಕು ನಲವತ್ತೆರಡು, ಆಟ ಕಡಿದ ಹೊತ್ತೇ, ಮಾತಾಡಿದ್ದು ಎರಡು ನಿಮಿಷ ಹತ್ತು ಸೆಕೆಂಡು.

ಆಗ ನನಗೂ ನೆನಪಾಯಿತು. ಫೈನಲ್ ನಡುವೆ ಅವಳ ಕ್ಯಾಮೆರಾ ಜಾರಿ ಬರೀ ಗೋಡೆ ತೋರಿಸುತ್ತಿತ್ತು. ಮೈಕ್ ಬಂದ್ ಇದ್ದುದರಿಂದ ಇವರು ಫೋನ್ ಮಾಡಿ, ಕ್ಯಾಮೆರಾ ನೆಟ್ಟಗೆ ಇಡುವುದು ಹೇಗೆಂದು ಪಾಠ ಮಾಡಿದ್ದರು. ಹಿರಿಯರ ಮಾತನ್ನು ಅರ್ಧಕ್ಕೆ ತುಂಡರಿಸದೆ ಅವಳು ಆಟಕ್ಕೆ ಬೆನ್ನು ಹಾಕಿ ಕ್ಯಾಮೆರಾ ತಿರುಗಿಸುತ್ತಾ ನಿಂತಿದ್ದಳು. ಅವರ ಬಳಿ ಇದ್ದದ್ದು ಸಂಘದ ವಿಳಾಸ ಪುಸ್ತಕದಲ್ಲಿನ ಊರಿನ ನಂಬರು. ನಮ್ಮವರಿಗೆ ಎಲ್ಲಿಗೆ ವರ್ಗವಾದರೂ ಬದಲಾಗದ ನಂಬರು ಅದೊಂದೇ ಎಂದು ಎಲ್ಲರದೂ ಅದನ್ನೇ ಅಚ್ಚು ಹಾಕಿಸಿದವನು ನಾನು.

ನನಗೆ ನಿಜಕ್ಕೂ ಭಯವಾಯಿತು. ಬಹುಮಾನ ಕೊಟ್ಟಾಗಿದೆ, ಸುಮುಖ್ ಫೋಟೋ ಹಾಕಿದ್ದಾನೆ, ಈ ಮಾತು ಇಲ್ಲಿಗೇ ಮುಗಿಯಲಿ ಎಂದೆ. ಇಷ್ಟು ವರ್ಷದ ಗೆಳೆತನದಲ್ಲಿ ಅವರು ನನ್ನ ಮೇಲೆ ಸಿಟ್ಟಾದದ್ದು ಅದೇ ಮೊದಲು.

"ನಾನು ಅಷ್ಟು ದೂರದಿಂದ ಬಂದದ್ದು ಇದನ್ನು ಮುಚ್ಚಿಡ್ಲಿಕ್ಕಾ?" ಎಂದರು. ಅಲ್ಲೇ ಕೂತು, ಕನ್ನಡಕ ಒರೆಸಿಕೊಂಡು, ಗುಂಪಿಗೆ ಬರೆದರು: ಸೌಮ್ಯಾ ಅವರ ಸಂಪರ್ಕ ಕಡಿದದ್ದು ನನ್ನ ಕರೆಯಿಂದ. ಹೊಣೆ ನನ್ನದು. ತೀರ್ಪನ್ನು ಹಿಂತೆಗೆದುಕೊಂಡಿದ್ದೇನೆ.

ಗುಂಪಿನಲ್ಲಿ ಎರಡು ದಿನ ಗದ್ದಲವೋ ಗದ್ದಲ. ಹನ್ನೊಂದು ಜನರಲ್ಲಿ ನಾಲ್ವರು, ತಮಗೂ ಸಂಪರ್ಕ ಕಡಿದ ಹೊತ್ತಿಗೆ ಮಾವನ ಕರೆ ಬಂದಿತ್ತೇ ಎಂದು ಹುಡುಕತೊಡಗಿದರು. ಸುಮುಖ್ ಒಳ್ಳೆಯ ಹುಡುಗ. ಆಟ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸೋಣ, ಆದರೆ ಎದುರುಬದುರು ಕೂತು ಎಂದ. ಮುಂದಿನ ಭಾನುವಾರ ಇಬ್ಬರೂ ವಡೋದರಾಕ್ಕೆ ಬಂದರು. ನಮ್ಮ ಮನೆಯ ಊಟದ ಮೇಜಿನ ಮೇಲೆ ಮರದ ಕಾಯಿಗಳನ್ನು ಶಂಕರನಾರಾಯಣರೇ ಜೋಡಿಸಿದರು. ಸೌಮ್ಯಾಳಿಗೆ ಒಂದು ಆನೆ ಹೆಚ್ಚಿಗೆ. ಅವಳು ಗೆಲ್ಲಲೇಬೇಕೆಂದು ಅವರಿಗೆ ಎಷ್ಟು ಆಸೆಯಿತ್ತೆಂದರೆ, ತೀರ್ಪುಗಾರ ಪಕ್ಷ ವಹಿಸಬಾರದೆಂದು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

ಆಟ ಮತ್ತೆ ಶುರುವಾದ ಮೇಲಿನ ಹದಿಮೂರನೇ ನಡೆಗೆ ಸುಮುಖನ ಕುದುರೆ ಒಂದೇ ನೆಗೆತದಲ್ಲಿ ಅವಳ ರಾಜನಿಗೂ ರಾಣಿಗೂ ಒಟ್ಟಿಗೆ ಬಾಯಿ ಹಾಕಿತು. ರಾಣಿ ಹೋಯಿತು. ಮತ್ತೆ ಹತ್ತು ನಿಮಿಷದಲ್ಲಿ ಆಟವೂ ಹೋಯಿತು.

ಶಂಕರನಾರಾಯಣರು ಗೋಡೆಯಿಂದ ತಿರುಗಿದರು. ನಿನ್ನ ಗೆಲುವನ್ನು ನಾನೇ ಕಳೆದೆ, ಆವತ್ತೇ ಆಡಿದ್ದರೆ ನೀನು ಗೆಲ್ಲುತ್ತಿದ್ದೆ ಎಂದು ತೊದಲಿದರು.

ಸೌಮ್ಯಾ ಹಲಗೆಯಿಂದ ಕಣ್ಣು ತೆಗೆಯಲಿಲ್ಲ. ಆ ಕುದುರೆ ಬಂದ ಮನೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಇಲ್ಲ ಮಾವ, ಇದು ನಂಗೆ ಕಾಣಲೇ ಇಲ್ಲ. ನಂದೇ ತಪ್ಪು," ಎಂದಳು. ಮುಖದಲ್ಲಿ ನಗು ಇತ್ತು. "ಇಷ್ಟು ದಿನ ಸೋತದ್ದಕ್ಕೆ ಬೇಜಾರು ಇರ್ಲಿಲ್ಲ. ನಾನು ಆಡಿ ಸೋತದ್ದಲ್ಲ ಅಂತ ಬೇಜಾರು ಇತ್ತು."