ಸೀರಿಯಸ್ ಅಂದವರು ಕಾಯಬೇಕು

ನನ್ನ ಹೆಗಲಿಗೊರಗಿದ್ದ ಅಪ್ಪನಿಗೆ ಉಸಿರು ಸಿಗುತ್ತಿರಲಿಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ನನಗಿಂತ ಮುಂದಿದ್ದ ಸುಲೇಪೇಟದ ಹೆಣ್ಣುಮಗಳು, “ನಮ್ಮ ಮನಿಯವರು ಭಾಳ ಸೀರಿಯಸ್ ಅದಾರ್ರಿ, ಜಲ್ದಿ ನೋಡ್ರಿ” ಎಂದು ಅಂಗಲಾಚುತ್ತಿದ್ದಳು.

“ಇಲ್ಲಿ ಎಲ್ಲಾರೂ ಸೀರಿಯಸ್ಸೇ. ಕುಂದ್ರು ಹೋಗು” ಎಂದ ಕೌಂಟರಿನವನು.

ಚಿತ್ತಾಪುರದ ನಮ್ಮ ಮನೆಯಲ್ಲೂ ನಾವು ಸೀರಿಯಸ್ ಎಂದೇ ಅನ್ನುವುದು. ಆ ಮಾತನ್ನು ನುಂಗಿಕೊಂಡೆ. ಶಾಲೆಗೆ ತಪಾಸಣೆಗೆ ಬಂದ ಸಾಹೇಬರ ಮುಂದಷ್ಟೇ ತೆಗೆಯುವ ಇಂಗ್ಲಿಷಿನಲ್ಲಿ, “ಹಿಸ್ ಕಂಡೀಷನ್ ಈಸ್ ಕ್ರಿಟಿಕಲ್” ಎಂದೆ. ತಕ್ಷಣ ಸ್ಟ್ರೆಚರ್ ಬಂತು. ಒಂದೇ ಒಂದು ಮಾತಿಗೆ! ಸುಡಲಿ ಅವರ ಇಂಗ್ಲಿಷು.

ಆ ಹೆಣ್ಣುಮಗಳು ನನ್ನ ಸೆರಗು ಹಿಡಿದಳು. “ಅಕ್ಕೋರೇ, ಈಗೇನಂದ್ರಿ? ನನಗೂ ಒಮ್ಮೆ ಹೇಳಿಕೊಡ್ರಿ.”

ನಾನು ಇಂಗ್ಲಿಷ್ ಕಲಿಸುವ ಟೀಚರು. ಸೆರಗು ಕಿತ್ತುಕೊಂಡು ಸ್ಟ್ರೆಚರಿನ ಹಿಂದೆ ಓಡಿದೆ.