ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಒಂದು ನಕ್ಷೆ

ಬೆಳಗಿನ ಐದೂಕಾಲು. ಚಳ್ಳಕೆರೆಯ ಲೇತ್ ಅಂಗಡಿಗಳ ಸಾಲಿನಲ್ಲಿ ಇನ್ನೂ ಒಂದೂ ಶಟರ್ ಮೇಲೆದ್ದಿಲ್ಲ. ನಮಾಜ್ ಮುಗಿಸಿದ ತಬಸ್ಸುಮ್ ತಂದೆಯ ಅಂಗಡಿಯ ಹಿಂಬಾಗಿಲು ತೆರೆದು ಒಳಗೆ ಬರುತ್ತಾರೆ. ನೆಲದ ಮೇಲಿನ ಕಬ್ಬಿಣದ ಸುರುಳಿಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸುತ್ತ, ಮೂಲೆಯಲ್ಲಿ ಪ್ಲೈವುಡ್ ಅಡ್ಡಗಟ್ಟಿ ಮಾಡಿದ ಪುಟ್ಟ ಕೋಣೆಗೆ ಹೋಗಿ ದೀಪ ಹಾಕುತ್ತಾರೆ. ಕಂಪ್ಯೂಟರಿಗೆ ಹೊದಿಸಿದ ಹಳೆಯ ದುಪಟ್ಟಾ ತೆಗೆದು ಹೊರಗೆ ಹೋಗಿ ಕೊಡವಿ ಬರುತ್ತಾರೆ.

ಪರದೆಯ ಮೇಲೆ ಹನ್ನೊಂದು ಹೆಸರು. ಚಳ್ಳಕೆರೆ ಕಡೆಯ ಏಳು, ಮೊಳಕಾಲ್ಮೂರು ಕಡೆಯ ನಾಲ್ಕು ಶೆಡ್ಡುಗಳು. ಹನ್ನೊಂದರಲ್ಲೂ ಆಗುವುದು ಒಂದೇ ಕೆಲಸ: ಶೇಂಗಾ ಬಳ್ಳಿಯಿಂದ ಕಾಯಿ ಬಿಡಿಸುವ ಯಂತ್ರದ ತಯಾರಿಕೆ. ಹನ್ನೊಂದಕ್ಕೂ ನಕ್ಷೆ ಹೋಗುವುದು ಈ ಕೋಣೆಯಿಂದ. ಇವತ್ತಿನ ನಕ್ಷೆಯಲ್ಲಿ ಜಾಲರಿಯ ತೂತು ಎರಡು ಮಿಲಿಮೀಟರ್ ಹಿಗ್ಗಿದೆ. ತಬಸ್ಸುಮ್ ಒಂದು ಗುಂಡಿ ಒತ್ತುತ್ತಾರೆ. ನಕ್ಷೆ ತಲುಪಿದ ಶೆಡ್ಡುಗಳ ಹೆಸರಿನ ಮುಂದೆ ಒಂದೊಂದಾಗಿ ಹಸಿರು ಚುಕ್ಕೆ ಮೂಡುತ್ತದೆ. ಕೊನೆಯದು ಮೊಳಕಾಲ್ಮೂರಿನ ಚಿತ್ತಪ್ಪನವರ ಶೆಡ್ಡು. ಅದೂ ಹಸಿರಾಗುವವರೆಗೆ ಅವರು ಕುರ್ಚಿ ಬಿಟ್ಟು ಏಳುವುದಿಲ್ಲ.

"ಉಳಿದೋರ್ದು ನೋಡ್ದೇ ಹೋದ್ರೂ ನಡೀತೈತೆ," ಅನ್ನುತ್ತಾರೆ. "ಚಿತ್ತಪ್ಪಣ್ಣಂದು ಮಾತ್ರ ಕಣ್ಣಾರೆ ನೋಡ್ಬೇಕು."

ಮೂವತ್ತನಾಲ್ಕರ ತಬಸ್ಸುಮ್ ಹುಟ್ಟಿದ್ದು, ಬೆಳೆದದ್ದು, ಮದುವೆಯಾಗಿ ಉಳಿದದ್ದು ಎಲ್ಲವೂ ಚಳ್ಳಕೆರೆಯಲ್ಲೇ. ತಂದೆ ದಾದಾಪೀರ್ ನಲವತ್ತು ವರ್ಷದಿಂದ ಲೇತ್ ತಿರುಗಿಸುತ್ತಿದ್ದಾರೆ. ಪತಿ ಮುಷರಫ್ ಟ್ರ್ಯಾಕ್ಟರ್ ಮೆಕ್ಯಾನಿಕ್. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ ವರ್ಷವೇ ನಿಕಾಹ್ ಆಯಿತು, ಎರಡು ವರ್ಷಕ್ಕೆ ಮಗಳು ಬುಶ್ರಾ ಹುಟ್ಟಿದಳು. ಕಲಿತದ್ದು ಕೈಬಿಟ್ಟು ಹೋಗಬಾರದೆಂದು ತಂದೆಯ ಪೆನ್ಸಿಲ್ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸಲು ಕೂತರು. ಅದನ್ನು ನೋಡಿ ಪಕ್ಕದ ಶೆಡ್ಡಿನವರು ತಮ್ಮದನ್ನೂ ತಂದರು. ನಾಲ್ಕೈದು ವರ್ಷಗಳಲ್ಲಿ ಎರಡು ತಾಲ್ಲೂಕಿನ ಹನ್ನೊಂದು ಶೆಡ್ಡುಗಳು ಸೇರಿ ಒಂದೇ ಯಂತ್ರ, ಒಂದೇ ನಕ್ಷೆ ಎಂಬ ಒಪ್ಪಂದಕ್ಕೆ ಬಂದವು.

ಅಲ್ಲಿಂದ ತಲೆನೋವು ಶುರುವಾಯಿತು. ಯಾರೋ ಒಬ್ಬರು ಶಾಫ್ಟಿನ ಉದ್ದ ಬದಲಿಸುತ್ತಾರೆ, ಇನ್ನೊಬ್ಬರು ಬೇರಿಂಗ್ ಕೂರುವ ಜಾಗ ಸರಿಸುತ್ತಾರೆ. ಪೆನ್‌ಡ್ರೈವ್‌ಗಳು ಬಸ್ ಕಂಡಕ್ಟರ್‌ಗಳ ಜೇಬಿನಲ್ಲಿ ಓಡಾಡುತ್ತಿದ್ದವು. ಯಾವುದರಲ್ಲಿ ಹೊಸ ನಕ್ಷೆ ಇದೆ, ಯಾವುದರಲ್ಲಿ ಹಳೆಯದು ಎಂದು ಹೇಳಬಲ್ಲವರು ಇರಲಿಲ್ಲ. ಆಗ ತಬಸ್ಸುಮ್ ಹುಡುಕಿ ತಂದದ್ದು ಆವೃತ್ತಿ ನಿರ್ವಹಣೆಯ ಒಂದು ತಂತ್ರಾಂಶ. ಯಾರು, ಯಾವಾಗ, ಏನು ಬದಲಿಸಿದರು ಎಂಬುದನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತದೆ, ಎಲ್ಲರ ಕಂಪ್ಯೂಟರಿನಲ್ಲೂ ಒಂದೇ ಪ್ರತಿ ಇರುವಂತೆ ನೋಡಿಕೊಳ್ಳುತ್ತದೆ. ಹಲವು ದೇಶಗಳ ಜನ ಸೇರಿ ಬರೆದು ಎಲ್ಲರಿಗೂ ಬಿಟ್ಟಿಯಾಗಿ ಬಿಟ್ಟಿರುವ ತಂತ್ರಾಂಶ ಅದು. ಬೇಕೆಂದವರು ಒಳಗೆ ಕೈ ಹಾಕಿ ತಿದ್ದಲೂಬಹುದು.

ಚಳ್ಳಕೆರೆಯಲ್ಲಿ ಅದು ಚೆನ್ನಾಗಿಯೇ ನಡೆಯಿತು. ಮೊಳಕಾಲ್ಮೂರಿನಲ್ಲಿ ನಡೆಯಲಿಲ್ಲ.

ಮೂರು ವರ್ಷದ ಹಿಂದಿನ ಶೇಂಗಾ ಸುಗ್ಗಿ. ಚಿತ್ತಪ್ಪನವರ ಶೆಡ್ಡಿನ ಕಂಪ್ಯೂಟರ್ ವೋಲ್ಟೇಜ್ ಏರಿ ಸುಟ್ಟುಹೋಗಿತ್ತು. ಹೊಸದನ್ನು ತಂದು, ಎಲ್ಲ ನಕ್ಷೆಗಳನ್ನೂ ಮೊದಲಿಂದ ಇಳಿಸಿಕೊಳ್ಳಲು ಹಚ್ಚಿದರು. ಬಂಡೆಗುಡ್ಡಗಳ ನಡುವಿನ ಶೆಡ್ಡು ಅದು. ಇಂಟರ್ನೆಟ್ ಅಂದರೆ ಕಿಟಕಿಗೆ ಕಟ್ಟಿದ ಒಂದು ಮೊಬೈಲ್ ರೂಟರ್. ಇಳಿದು ಮುಗಿಯಲು ಮೂರೂವರೆ ತಾಸು ಬೇಕು. ಅಷ್ಟರೊಳಗೆ ಕರೆಂಟೋ ಸಿಗ್ನಲ್ಲೋ ಹೋಗುತ್ತದೆ. ಹೋದರೆ ಮತ್ತೆ ಸೊನ್ನೆಯಿಂದ ಶುರು.

"ಮೂರು ದಿನ ಕಾದೆ ಕಣಮ್ಮ," ಎಂದು ನೆನೆಯುತ್ತಾರೆ ಅರವತ್ತು ಮುಟ್ಟಿದ ಚಿತ್ತಪ್ಪ. "ಹೊಸದು ಬರ್ತಾ ಐತೆ ಅಂತ ಗೊತ್ತಿತ್ತು. ಅದ್ರಾಗೆ ಏನು ಬದ್ಲಾಗೈತೆ ಅಂತ ಗೊತ್ತಿರ್ಲಿಲ್ಲ. ಮಿಷನ್ ಕೇಳಿದ್ ರೈತ ಬಾಗ್ಲಾಗೇ ಕೂತಿದ್ದ. ಗೋಡೆ ಮ್ಯಾಗಿದ್ದ ಹಳೇ ಡ್ರಾಯಿಂಗ್ ನೋಡ್ಕಂಡು ಮಾಡಿ ಕೊಟ್ಬಿಟ್ಟೆ."

ಹೊಸ ನಕ್ಷೆಯಲ್ಲಿ ಬೆಲ್ಟಿನ ಪಕ್ಕದ ಸಂದಿಗೆ ತಗಡಿನ ಮುಚ್ಚಳ ಬಂದಿತ್ತು. ಗೋಡೆಯ ಮೇಲಿನ ಹಳೆಯದರಲ್ಲಿ ಆ ಸಂದಿ ತೆರೆದೇ ಇತ್ತು. ಯಂತ್ರ ಸಿದ್ದಾಪುರದ ಕಡೆಯ ಒಂದು ಹೊಲಕ್ಕೆ ಹೋಯಿತು. ನಾಲ್ಕನೆಯ ದಿನ, ಬಳ್ಳಿ ತುಂಬುತ್ತಿದ್ದ ಬೋರಕ್ಕ ಎಂಬ ಕೂಲಿ ಹೆಂಗಸಿನ ಎಡಗೈ ಬೆಲ್ಟಿಗೆ ಸಿಕ್ಕಿತು. ಎರಡು ಬೆರಳು ಹೋದವು.

ಸುದ್ದಿ ತಂದವರು ಚಿತ್ತಪ್ಪನವರೇ. ಬಸ್ ಹತ್ತಿ ಚಳ್ಳಕೆರೆಗೆ ಬಂದು ದಾದಾಪೀರರ ಅಂಗಡಿಯ ಮೆಟ್ಟಿಲ ಮೇಲೆ ಕೂತು ನಡೆದದ್ದನ್ನು ಹೇಳಿದರು. ತಬಸ್ಸುಮ್ ನೀರು ಕೊಟ್ಟರು. ಕುಡಿಯಲಿಲ್ಲ.

"ಇಳೀತಾ ಇಲ್ಲ ಅಂತ ಒಂದು ಫೋನ್ ಮಾಡಿದ್ರೆ ಯಾರ ಕೈಲಾದ್ರೂ ಪೆನ್‌ಡ್ರೈವ್ ಕಳಿಸ್ತಿದ್ನಲ್ಲ ಚಿತ್ತಪ್ಪಣ್ಣ," ಎಂದರು ತಬಸ್ಸುಮ್.

"ದಿನಾ ಏನಂತ ಫೋನ್ ಮಾಡ್ಲಮ್ಮ. ಇವ್ನಿಗೆ ಕಂಪ್ಯೂಟರ್ ಬರಲ್ಲ ಅಂತೀರೇನೋ ಅಂತ ಸುಮ್ನಿದ್ದೆ."

ಆ ಮಾತು ತಬಸ್ಸುಮ್‌ಗೆ ಚುಚ್ಚಿತು. ಪೆನ್‌ಡ್ರೈವ್ ಬಿಡಿಸಿ ಈ ದಾರಿಗೆ ಹಚ್ಚಿದ್ದು ತಾವೇ. ಮೊಳಕಾಲ್ಮೂರಿನಲ್ಲಿ ಅದು ಹೇಗೆ ನಡೆಯುತ್ತಿದೆ ಎಂದು ಒಮ್ಮೆಯೂ ಹೋಗಿ ನೋಡಿರಲಿಲ್ಲ. ಮರುದಿನ ಮುಷರಫ್ ಜೊತೆ ಬೈಕಿನಲ್ಲಿ ಬೋರಕ್ಕನ ಮನೆಗೆ ಹೋದರು. ಬೋರಕ್ಕ ಚಾಪೆ ಹಾಸಿ ಕೂರಿಸಿದರು, ಒಂದು ಮಾತೂ ಬೈಯಲಿಲ್ಲ. ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದ್ದು ಒಂದೇ: "ನಮ್ಮೂರಾಗೆ ಇನ್ನೂ ಎಲ್ಡು ಮಿಷನ್ ಅವೆ. ಅವೂ ಇಂಗೇ ಅದಾವೇನಮ್ಮ?"

ಮನೆಗೆ ಬಂದವರೇ ತಬಸ್ಸುಮ್ ಹಳೆಯ ನಕ್ಷೆಯಂತೆ ತಯಾರಾದ ಯಂತ್ರಗಳ ಪಟ್ಟಿ ಮಾಡಲು ಕೂತರು.

ಆ ವಾರವೇ ದಾದಾಪೀರ್ ಮತ್ತು ಚಿತ್ತಪ್ಪ ಊರೂರು ತಿರುಗಿ, ಹಳೆಯ ನಕ್ಷೆಯ ಹದಿನಾರು ಯಂತ್ರಗಳಿಗೆ ಮುಚ್ಚಳ ಬಡಿದು ಬಂದರು. ಸಿದ್ದಾಪುರದಲ್ಲಿ ಶುರುವಾದ ಆ ಓಡಾಟ ನನ್ನಿವಾಳದಲ್ಲಿ ಮುಗಿಯಿತು. ತಬಸ್ಸುಮ್ ಚಿತ್ತಪ್ಪನವರ ಶೆಡ್ಡಿನಲ್ಲಿ ಎರಡು ದಿನ ಸ್ಟೂಲ್ ಹಾಕಿಕೊಂಡು ಕೂತು, ನಕ್ಷೆಗಳು ಇಳಿಯುವುದನ್ನು ಬರೀ ನೋಡಿದರು. ಚಿತ್ತಪ್ಪನವರ ಹೆಂಡತಿ ಪಾಪಕ್ಕ ಊಟಕ್ಕೆ ಕರೆದರೂ ಏಳಲಿಲ್ಲ.

ಮೊದಲಿಗೆ ಅವರು ತಪ್ಪು ದಾರಿ ಹಿಡಿದರು. ಕಡತಗಳ ಗಾತ್ರ ದೊಡ್ಡದಾಯಿತು, ಕುಗ್ಗಿಸಿದರೆ ಬೇಗ ಬರುತ್ತವೆ ಎಂದುಕೊಂಡು ಎರಡು ತಿಂಗಳು ಅದಕ್ಕೇ ಸುರಿದರು. ಮೂರೂವರೆ ತಾಸಿನಲ್ಲಿ ಕಡಿಮೆಯಾದದ್ದು ನಾಲ್ಕೇ ನಿಮಿಷ.

ಆಗ ಬೇರೆಯದನ್ನು ಅಳೆಯಲು ಹೊರಟರು. ಈ ಮೂರೂವರೆ ತಾಸಿನಲ್ಲಿ ನಿಜವಾಗಿ ಮಾಹಿತಿ ಹರಿಯುವುದು ಎಷ್ಟು ಹೊತ್ತು? ಲೆಕ್ಕ ಬಂದಾಗ ನಂಬಲಾಗಲಿಲ್ಲ, ಇನ್ನೊಮ್ಮೆ ಅಳೆದರು. ಏಳು ನಿಮಿಷ. ಮಿಕ್ಕಿದ್ದೆಲ್ಲ ಬರೀ ಕಾಯುವುದು.

ಆ ತಂತ್ರಾಂಶ ನಕ್ಷೆಗಳನ್ನೂ ಅವುಗಳ ಹಳೆಯ ಆವೃತ್ತಿಗಳನ್ನೂ ಸಣ್ಣ ತುಣುಕುಗಳಾಗಿ ಒಡೆದು ಇಟ್ಟುಕೊಳ್ಳುತ್ತದೆ. ಈ ಶೇಂಗಾ ಯಂತ್ರದ ನಕ್ಷೆಗಳದ್ದು ಇಪ್ಪತ್ತಾರು ಸಾವಿರ ತುಣುಕು. ಒಂದು ತುಣುಕು ಕೇಳಬೇಕು, ಅದು ಬರುವವರೆಗೆ ಕಾಯಬೇಕು, ಬಂದ ಮೇಲೆ ಮುಂದಿನದನ್ನು ಕೇಳಬೇಕು. ಮೊಳಕಾಲ್ಮೂರಿನಿಂದ ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು. ಇಪ್ಪತ್ತಾರು ಸಾವಿರ ಸಲ ಅರ್ಧ ಸೆಕೆಂಡು.

"ಸಂತೆಗೆ ಹೋಗಿ ಒಂದು ಈರುಳ್ಳಿ ತಗಂಡು ಮನೆಗ್ ಬರೋದು, ಇಟ್ಟು ಮತ್ತೆ ಇನ್ನೊಂದು ಈರುಳ್ಳಿಗೆ ಹೋಗೋದು," ಎಂದು ತಬಸ್ಸುಮ್ ನಗುತ್ತಾರೆ. "ನಾನು ಎರಡು ತಿಂಗಳು ಈರುಳ್ಳಿ ಸಣ್ಣದು ಮಾಡ್ತಾ ಕೂತಿದ್ದೆ. ಮಾಡ್ಬೇಕಿದ್ದಿದ್ದು ಒಂದು ಚೀಟಿ ಬರ್ದು, ಒಂದು ಚೀಲ ತುಂಬ್ಕಂಡು ಬರೋದು."

ಆ ಚೀಟಿ ಮತ್ತು ಚೀಲವನ್ನು ತಂತ್ರಾಂಶದೊಳಗೆ ಬರೆಯಲು ಐದು ತಿಂಗಳು ಹಿಡಿಯಿತು. ಏನೇನು ಬೇಕೋ ಅದರ ಪಟ್ಟಿ ಒಮ್ಮೆಗೇ ಹೋಗಬೇಕು. ಅತ್ತಲಿಂದ ತುಣುಕುಗಳು ಕಟ್ಟುಕಟ್ಟಾಗಿ ಬರಬೇಕು. ನಡುವೆ ಸಿಗ್ನಲ್ ಹೋದರೆ ಬಂದಷ್ಟು ಉಳಿದು ಮಿಕ್ಕದ್ದಕ್ಕೆ ಮಾತ್ರ ಮತ್ತೆ ಕೇಳಬೇಕು. ಬೆಳಗಿನ ಐದರಿಂದ ಏಳು, ಬುಶ್ರಾಳ ಶಾಲೆಯ ಡಬ್ಬಿ ಕಟ್ಟುವವರೆಗಿನ ಹೊತ್ತಷ್ಟೇ ಅವರ ಪಾಲಿಗೆ ಇದ್ದದ್ದು. ಅತ್ತೆ ನೂರ್ ಬೀ ಮೊದಮೊದಲು ಗೊಣಗಿದರು. ಬೋರಕ್ಕನ ಕೈಯ ವಿಷಯ ಮಗನಿಂದ ತಿಳಿದ ಮೇಲೆ ಬೆಳಗಿನ ರೊಟ್ಟಿಯ ಕೆಲಸವನ್ನು ತಾವೇ ವಹಿಸಿಕೊಂಡರು. "ನೀನು ಅದನ್ನ ಮುಗ್ಸು ಬೇಟಿ, ಹಂಚು ನಾನು ನೋಡ್ಕೊಂತೀನಿ" ಅಂದರಂತೆ.

ಬರೆದದ್ದನ್ನು ತಬಸ್ಸುಮ್ ತಂತ್ರಾಂಶದ ಮೂಲ ತಂಡಕ್ಕೆ ಕಳಿಸಿದರು. ತಮ್ಮೊಬ್ಬರ ಕಂಪ್ಯೂಟರಿನಲ್ಲಿ ಉಳಿದರೆ ಮುಂದಿನ ಆವೃತ್ತಿ ಬಂದಾಗ ಅಳಿಸಿಹೋಗುತ್ತದೆ, ಎಲ್ಲರದ್ದಾದರೆ ಉಳಿಯುತ್ತದೆ. ಮೂರು ವಾರದ ಮೇಲೆ ಉತ್ತರ ಬಂತು: ನಾವು ನೋಡಿದೆವು, ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ.

ಅವರಿಗೆ ಕಾಣುವಂತೆಯೂ ಇರಲಿಲ್ಲ. ಅವರ ಊರುಗಳಲ್ಲಿ ಪ್ರಶ್ನೆ ಹೋಗಿ ಉತ್ತರ ಬರುವುದು ಕಣ್ಣು ಮಿಟುಕಿಸುವುದರೊಳಗೆ. ತಬಸ್ಸುಮ್ ವಾದ ಹೂಡಲಿಲ್ಲ. ಚಿತ್ತಪ್ಪನವರ ಶೆಡ್ಡಿಗೆ ಹೋಗಿ, ಹತ್ತು ದಿನ ಹತ್ತು ಸಲ ಅಳೆದು, ಅಂಕಿಗಳನ್ನೆಲ್ಲ ಕಳಿಸಿದರು. ಕೆಳಗೆ ಒಂದು ಸಾಲು ಸೇರಿಸಿದರು: ನಿಮ್ಮ ಲೈನನ್ನು ಇಷ್ಟು ನಿಧಾನ ಮಾಡಿಕೊಂಡು ಒಮ್ಮೆ ನೋಡಿ. ತಂಡದಲ್ಲೊಬ್ಬ ಹಾಗೇ ಮಾಡಿದ. ತನ್ನ ಲೈನಿನ ವೇಗವನ್ನು ಮೊಳಕಾಲ್ಮೂರಿನ ಮಟ್ಟಕ್ಕೆ ಇಳಿಸಿಕೊಂಡು ಒಂದು ಮಧ್ಯಾಹ್ನವೆಲ್ಲ ಕಾದ. ಸಂಜೆ ಬರೆದ: ಕ್ಷಮಿಸಿ, ಇದನ್ನು ನಾವು ಮೊದಲೇ ನೋಡಬೇಕಿತ್ತು.

ಆದರೆ ಅವನೇ ಒಂದು ತಪ್ಪನ್ನೂ ಹಿಡಿದಿದ್ದ. ಕಟ್ಟು ಬರುತ್ತಿರುವಾಗ ಸಿಗ್ನಲ್ ತುಂಡಾದರೆ, ಅರ್ಧ ಬಂದ ತುಣುಕನ್ನು ತಬಸ್ಸುಮ್ ಬರೆದ ಭಾಗ 'ಪೂರ್ತಿ ಬಂತು' ಎಂದು ಗುರುತು ಹಾಕಿಕೊಳ್ಳುತ್ತಿತ್ತು. ಅಪರೂಪಕ್ಕೆ, ನೂರಕ್ಕೊಮ್ಮೆ. ಅದನ್ನು ಓದಿದ ಬೆಳಗ್ಗೆ ಅವರು ಕಂಪ್ಯೂಟರ್ ಮುಚ್ಚಿ ಮನೆಗೆ ಹೋದರು. ಎರಡು ದಿನ ಆ ಕೋಣೆಗೆ ಬರಲಿಲ್ಲ.

"ಹಂಗೇ ಬಿಟ್ಟಿದ್ರೆ ಅರ್ಧಂಬರ್ಧ ಡ್ರಾಯಿಂಗ್ ಹೋಗಿರೋದು. ಬೇಗ ಹೋಗಿರೋದು, ಅಷ್ಟೇಯಾ," ಎಂದು ತಲೆ ತಗ್ಗಿಸುತ್ತಾರೆ. "ಇನ್ನೊಬ್ರ ಬೆರಳು ಹೋಗಿದ್ರೆ ಯಾವ ಮುಖ ಇಟ್ಕಂಡು ಬೋರಕ್ಕನ್ ಮುಂದೆ ನಿಲ್ತಿದ್ದೆ."

ಮೂರನೆಯ ದಿನ ಮಗಳನ್ನು ಅಂಗಡಿಯ ಹಿಂಬಾಗಿಲವರೆಗೆ ಕರೆತರಲು ದಾದಾಪೀರ್ ತಾವೇ ಅವರ ಮನೆಗೆ ಬಂದರು. "ನಾನು ಕೆಡಿಸಿರೋ ಶಾಫ್ಟಿಗೆ ಲೆಕ್ಕ ಐತಾ? ಅಳತೆ ತಪ್ಪಿದ್ದು ಹೊಲಕ್ ಹೋಗ್ದಿದ್ರೆ ಆಯ್ತು. ನಿಂದು ಹೋಗಿಲ್ಲ," ಅಂದರು. ಅಷ್ಟೇ ಅಂದದ್ದು.

ಮತ್ತೆ ಆರು ವಾರ. ಪ್ರತಿ ತುಣುಕಿಗೂ ಅದರೊಳಗೆ ಇರುವುದರಿಂದಲೇ ಲೆಕ್ಕ ಹಾಕಿದ ಒಂದು ಗುರುತಿನ ಸಂಖ್ಯೆ ಇರುತ್ತದೆ. ಬಂದಿಳಿದ ತುಣುಕಿನಿಂದ ಆ ಸಂಖ್ಯೆಯನ್ನು ಹೊಸದಾಗಿ ಲೆಕ್ಕ ಹಾಕಿ, ತಾಳೆಯಾದರೆ ಮಾತ್ರ ಒಳಗೆ ಬಿಡುವಂತೆ ತಿದ್ದಿದರು. ಬೇಕೆಂದೇ ರೂಟರಿನ ವೈರು ಕಿತ್ತು, ನಾನೂರು ಸಲ ನಡುದಾರಿಯಲ್ಲಿ ತುಂಡರಿಸಿ ನೋಡಿದರು. ನಾನೂರರಲ್ಲಿ ಒಮ್ಮೆಯೂ ಅರೆಬರೆ ತುಣುಕು ನುಸುಳಲಿಲ್ಲ. ತಂಡ ಒಪ್ಪಿತು. ಹೊಸ ಆವೃತ್ತಿಯ ಟಿಪ್ಪಣಿಯ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಅವರ ಹೆಸರು ಬಂತು.

ಅದನ್ನು ಚಿತ್ತಪ್ಪನವರ ಶೆಡ್ಡಿನಲ್ಲಿ ಮೊದಲ ಸಲ ಓಡಿಸಿದ ದಿನ ಪಾಪಕ್ಕ ಟೀಗೆ ಇಟ್ಟಿದ್ದರು. ಲೋಟ ಕೈಗೆ ಬರುವ ಮೊದಲೇ ಎಲ್ಲ ನಕ್ಷೆಗಳೂ ಇಳಿದಿದ್ದವು. ಎಂಟು ನಿಮಿಷ. ಚಿತ್ತಪ್ಪ ನಂಬದೆ, ಬೆಲ್ಟಿನ ಮುಚ್ಚಳದ ನಕ್ಷೆ ತೆಗೆಸಿ, ಅಳತೆಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿಕೊಂಡರು. ಆಮೇಲೆ ಗೋಡೆಯ ಹಳೆಯ ಹಾಳೆಗಳನ್ನೆಲ್ಲ ಕಿತ್ತು ಪಾಪಕ್ಕನ ಕೈಗೆ ಕೊಟ್ಟರು, ಒಲೆಗೆ ಹಾಕಲು.

ಈಗ ದಿನಕ್ಕೆ ಸರಾಸರಿ ಆರು ಬದಲಾವಣೆ ಈ ಕೋಣೆಯಿಂದ ಹೊರಡುತ್ತವೆ. ಪುಟ್ಟ ಬದಲಾವಣೆಯಾದರೆ ಮೊಳಕಾಲ್ಮೂರು ಮುಟ್ಟಲು ಹತ್ತು ಸೆಕೆಂಡು ಸಾಕು. ಕಳೆದ ಎರಡು ಸುಗ್ಗಿಯಲ್ಲಿ ಈ ಹನ್ನೊಂದು ಶೆಡ್ಡುಗಳ ಯಂತ್ರಗಳಿಂದ ಯಾರ ಕೈಗೂ ಏಟಾಗಿಲ್ಲ. ಬೋರಕ್ಕ ಈಗಲೂ ಬಳ್ಳಿ ತುಂಬುವ ಕೆಲಸಕ್ಕೆ ಹೋಗುತ್ತಾರೆ. ಮುಚ್ಚಳವನ್ನೊಮ್ಮೆ ಅಲ್ಲಾಡಿಸಿ ನೋಡದೆ ಯಂತ್ರ ಚಾಲೂ ಮಾಡಲು ಬಿಡುವುದಿಲ್ಲವಂತೆ.

ಶೆಡ್ಡುಗಳಲ್ಲಿ ಹೆಚ್ಚಿನವರಿಗೆ ಈ ವೇಗದ ಹಿಂದೆ ತಬಸ್ಸುಮ್ ಇದ್ದಾರೆಂದು ಗೊತ್ತಿಲ್ಲ. ಏಳರ ಹೊತ್ತಿಗೆ ಶಟರ್ ಎತ್ತಲು ಬಂದ ಪಕ್ಕದ ಶೆಡ್ಡಿನ ವೀರೇಶ ಬಾಗಿಲಲ್ಲೇ ನಿಂತು ಹೇಳುತ್ತಾರೆ: "ಅಕ್ಕ, ಮೊಳಕಾಲ್ಮೂರಾಗೆ ನೆಟ್‌ವರ್ಕ್ ಭಾಳ ಸುಧಾರಿಸೈತೆ ಕಣಕ್ಕ. ಟವರ್ ಹೊಸದು ಹಾಕಿರ್ಬೇಕು."

"ಹೂಂ, ಹಾಕಿರ್ಬೇಕು," ಅನ್ನುತ್ತಾರೆ ತಬಸ್ಸುಮ್.

ವೀರೇಶ ಹೋದ ಮೇಲೆ, ನಿಜ ಹೇಳಬಹುದಿತ್ತಲ್ಲ ಎಂದು ಕೇಳಿದರೆ ದುಪಟ್ಟಾವನ್ನು ಕಂಪ್ಯೂಟರಿಗೆ ಹೊದಿಸುತ್ತಲೇ ಉತ್ತರಿಸುತ್ತಾರೆ. "ಟವರ್ ಅಂದ್ಕೊಂಡ್ರೆ ಅಂದ್ಕೊಳ್ಳಲಿ ಬಿಡಿ. ಕಾಯೋದು ತಪ್ತಲ್ಲ."