ಮೌರೀನಳ ಅಪ್ಪನ ಧಾಟಿ

ದೆವ್ವಗಳ ಮೇಲೆ ನನಗೆ ದ್ವೇಷವೇನೂ ಇರಲಿಲ್ಲ, ನಂಬಿಕೆಯೂ ಇರಲಿಲ್ಲ. ಯಂತ್ರಗಳ ನಡುವೆ ಆಯುಷ್ಯ ಸವೆಸಿದ ಇಂಜಿನಿಯರ್ ನಾನು. ಸದ್ದು ಬಂದರೆ ಎಲ್ಲೋ ಒಂದು ಸ್ಕ್ರೂ ಸಡಿಲಾಗಿರಲೇಬೇಕು ಎಂಬುದೇ ನನ್ನ ಧರ್ಮ. ಆ ಧರ್ಮಕ್ಕೆ ಭಂಗ ಬಂದದ್ದು ಕೆಲವು ವರ್ಷಗಳ ಹಿಂದೆ, ಕಡಲಾಚೆಯ ಎಲ್ಕ್ ಗ್ರೋವ್ ವಿಲೇಜಿನ ನಮ್ಮ ಮನೆಯಲ್ಲಿ, ಹಾಡಹಗಲೇ.

ಪಕ್ಕದ ಮನೆಯ ಮೌರೀನ್ ಐರಿಷ್ ಮೂಲದವಳು, ಎಪ್ಪತ್ತು ದಾಟಿದ ಪಿಟೀಲುಗಾರ್ತಿ. ತಮ್ಮವರ ಹಳೆಯ ಧಾಟಿಗಳನ್ನು ಹುಡುಕಿ ಕೂಡಿಡುವುದು ಆಕೆಯ ವ್ರತ. ಅವರಲ್ಲೊಂದು ಕಟ್ಟಳೆಯಿದೆ: ನುಡಿಸುವ ಮೊದಲು ಧಾಟಿ ಯಾರಿಂದ ಬಂತೆಂದು ಹೇಳಬೇಕು. ಅಪ್ಪ ಕಟ್ಟಿದ ಒಂದು ಧಾಟಿ ಮಾತ್ರ ಆಕೆಗೆ ಅರ್ಧವೇ ನೆನಪಿತ್ತು. ಪೂರ್ತಿ ಬಲ್ಲವರು ಯಾರೂ ಉಳಿದಿರಲಿಲ್ಲ. ಅಪ್ಪನ ಹಳೆಯ ಟೇಪೊಂದು ಸಿಕ್ಕಿದಾಗ, ಕಂಪ್ಯೂಟರಿಗೆ ಏರಿಸಿಕೊಡಿ ಎಂದು ನನ್ನ ಬಳಿ ತಂದಳು.

ಟೇಪು ಮೊದಲ ಭಾಗವನ್ನು ಚೆನ್ನಾಗಿಯೇ ನುಡಿಯಿತು. ಆಮೇಲೆ ಬರೀ ಗರಗರ. "ಅಷ್ಟೇ ಬಿಡಿ, ಇದು ನನ್ನ ಜೊತೆಗೇ ಹೋಗುತ್ತೆ," ಎಂದಳು ಮೌರೀನ್. ಅವಳ ಮುಖ ನೋಡಲಾಗಲಿಲ್ಲ.

ಇದ್ದ ಅರ್ಧವನ್ನಾದರೂ ಅವಳ ಕೈಯಲ್ಲಿ ನುಡಿಸಿ ರೆಕಾರ್ಡ್ ಮಾಡೋಣವೆಂದು ಮೈಕ್ ಇಟ್ಟೆ. ಆಕೆ ಮೊದಲ ಭಾಗ ಮುಗಿಸಿ ಕಮಾನು ಎತ್ತಿದ್ದೇ ತಡ, ಅಡುಗೆಮನೆಯಿಂದ ಹೆಣ್ಣುದನಿಯೊಂದು ಮುಂದಿನದನ್ನು ಗುನುಗತೊಡಗಿತು. "ಇದೇ! ಇದೇ ಅದು!" ಎಂದು ಮೌರೀನ್ ಅದರ ಬೆನ್ನು ಹಿಡಿದು ನುಡಿಸಿದಳು. "ಶಾರದಾ, ಸ್ವಲ್ಪ ಜೋರಾಗಿ ಹಾಡೇ!" ಎಂದು ಹೆಂಡತಿಗೆ ಕೂಗಿದೆ. ದನಿ ಜೋರಾಯಿತು. ಇಷ್ಟು ವರ್ಷಗಳ ಸಂಸಾರದಲ್ಲಿ ಅಡುಗೆಮನೆ ನನ್ನ ಮಾತು ಕೇಳಿದ್ದು ಅದೇ ಮೊದಲು. ಅನುಮಾನ ಅಲ್ಲೇ ಬರಬೇಕಿತ್ತು.

ಧಾಟಿ ಮುಗಿದು ಮೌರೀನ್ ಕಣ್ಣೊರೆಸಿಕೊಳ್ಳುತ್ತಿದ್ದಾಗ ಮುಂಬಾಗಿಲು ತೆರೆಯಿತು. ತರಕಾರಿ ಚೀಲಗಳೊಂದಿಗೆ ಶಾರದೆ ಒಳಗೆ ಬಂದಳು.

"ಎಲ್ಲಿಂದ ಬಂದೆ?"

"ಡೆವನ್ ಅವೆನ್ಯೂದಿಂದ. ಹೇಳಿ ಹೋದ್ನಲ್ರೀ, ಹೂಂ ಅಂದ್ರಿ! ಪಾರ್ಕಿಂಗ್ ಸಿಗದೆ ಸುತ್ತಿ ಸುತ್ತಿ ಸಾಕಾಯ್ತು."

"ಮತ್ತೆ ಈಗ ಹಾಡಿದ್ದು?"

"ನಾನು ಹಾಡಿದ್ರೆ ಇವರು ಇನ್ನೂ ಇಲ್ಲೇ ಕೂತಿರ್ತಿದ್ರಾ?"

ಅಡುಗೆಮನೆಯಲ್ಲಿ ಯಾರೂ ಇಲ್ಲ, ರೇಡಿಯೋವೂ ಇಲ್ಲ. ಸಡಿಲ ಸ್ಕ್ರೂವಿಗಾಗಿ ಫ್ರಿಜ್ಜಿನ ಹಿಂದೆ ತೂರಿದೆ. ಎಂದೋ ಕಳೆದಿದ್ದ ಸೌಟು ಸಿಕ್ಕಿತು. ರೆಕಾರ್ಡಿಂಗಿನಲ್ಲಿ ಪಿಟೀಲು ಆದಿಯಿಂದ ಅಂತ್ಯದವರೆಗೆ ಸ್ಪಷ್ಟವಾಗಿದೆ. ಗುನುಗಿನ ಸುಳಿವೇ ಇಲ್ಲ. ನಡುವೆ ನನ್ನ ಕೂಗು ಮಾತ್ರ ಇದೆ. ಹೀಗೆ ಐರಿಷ್ ಸಂಗೀತಕ್ಕೆ ನನ್ನ ಕಾಣಿಕೆಯೂ ಶಾಶ್ವತವಾಯಿತು.

ಈಗ ತಮ್ಮ ಕೂಟಗಳಲ್ಲಿ ಅದನ್ನು ನುಡಿಸುವ ಮುನ್ನ ಮೌರೀನ್ ಕಟ್ಟಳೆಯಂತೆ ಹೇಳುತ್ತಾಳೆ: "ಮೊದಲರ್ಧ ನನ್ನ ಅಪ್ಪನಿಂದ ಬಂತು. ಉಳಿದದ್ದು ಇವರ ಅಡುಗೆಮನೆಯಿಂದ." ಎಲ್ಲರೂ ನನ್ನತ್ತ ತಿರುಗುತ್ತಾರೆ. ನಾನು ಗಂಭೀರವಾಗಿ ಎದ್ದು, ಕೈಮುಗಿದು, ಕೂರುತ್ತೇನೆ. ಅದಕ್ಕಿಂತ ಉತ್ತಮವಾದ ವಿವರಣೆ ನನ್ನ ಬಳಿ ಇಂದಿಗೂ ಇಲ್ಲ.